ಬೆಂಚಿನ ಮೇಲೆ ಎಲ್ಲ ಸರಿ, ಸೀಟಿಗೆ ಹೋದರೆ ಹಳೇ ವಿಂಡೋಸ್

ಹಳೇ ಡೆಸ್ಕ್‌ಟಾಪ್‌ಗೆ ಹೊಸ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕಿ ಅಂತ ಆಫೀಸಿನ ಐಟಿ ಟೀಮಿಗೆ ಟಿಕೆಟ್, ಅಂದರೆ ಕೆಲಸದ ಕೋರಿಕೆ, ಬಂದರೆ ನಾನೀಗ ಮೊದಲು ಪೆನ್‌ಡ್ರೈವ್ ಹುಡುಕುವುದಿಲ್ಲ. ಪವರ್ ಕೇಬಲ್ ಕಿತ್ತು ಪಕ್ಕಕ್ಕೆ ಇಡುತ್ತೇನೆ. ಒಂದು ರಾತ್ರಿ ಹಾಗೇ ಬಿಡಲು ಆದರೆ ಬಿಡುತ್ತೇನೆ. ಬೆಳಿಗ್ಗೆ ಕೇಬಲ್ ಹಾಕಿ, ಆನ್ ಮಾಡಿ, ಬಯಾಸ್ (ಓಎಸ್‌ಗೂ ಮುಂಚೆ ಏಳುವ, ಮದರ್‌ಬೋರ್ಡಿನ ಸೆಟ್ಟಿಂಗ್ ಪ್ರೋಗ್ರಾಂ) ಒಳಗೆ ಹೋಗಿ ತಾರೀಖು ನೋಡುತ್ತೇನೆ. ತಾರೀಖು ಸರಿ ಇದ್ದರೆ ಮಾತ್ರ ಮುಂದಿನ ಕೆಲಸ. ನಮ್ಮ ಟೀಮಿನಲ್ಲಿ ಇದನ್ನು ಅತಿ ಅನ್ನುವವರು ಇದ್ದಾರೆ. ಅಕೌಂಟ್ಸ್ ಸೆಕ್ಷನ್‌ನ ಆ ಒಂದು ಮಷಿನ್ ಹಿಂದೆ ಓಡಾಡಿದವರು ಯಾರೂ ಹಾಗೆ ಅನ್ನುವುದಿಲ್ಲ.

ಅದು ಕೋರ್ 2 ಡ್ಯುಯೋ ಕಾಲದ ಡಬ್ಬ. ನಾಲ್ಕು ಜಿಬಿ ರ‍್ಯಾಮ್, ವಿಂಡೋಸ್ 7. ವಿಂಡೋಸ್ 7ಗೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿದ್ದು 2020ರ ಜನವರಿಯಲ್ಲಿ. ಆಮೇಲೂ ಅದು ಓಡುತ್ತಲೇ ಇತ್ತು, ಯಾಕೆಂದರೆ ಕೆಲಸವೆಲ್ಲ ಬ್ರೌಸರ್‌ನಲ್ಲಿ. ಆದರೆ ವಿಂಡೋಸ್ 7ಗೆ ಕ್ರೋಮ್ 109ನೇ ಆವೃತ್ತಿಗೆ ನಿಂತುಹೋಯಿತು. ನಮ್ಮ ವೆಬ್ ಅಪ್ಲಿಕೇಶನ್ ಅಪ್‌ಡೇಟ್ ಆದಾಗ ಹಳೇ ಬ್ರೌಸರ್‌ನಲ್ಲಿ ತೆರೆಯುವುದೇ ಬಿಟ್ಟಿತು. ವಿಂಡೋಸ್ 10 ಹಾಕೋಣ ಅಂದರೆ ಅದರ ಗಡುವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಈ ಬೋರ್ಡಿನ ಹತ್ತಿರವೂ ಸುಳಿಯುವುದಿಲ್ಲ, ಅದಕ್ಕೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ಸೌಲಭ್ಯಗಳು ಬೇಕು. ಹೊಸ ಮಷಿನ್ ಈ ವರ್ಷ ಇಲ್ಲ ಅಂತ ಮೇಲಿನವರು ಹೇಳಿಬಿಟ್ಟರು. ಹಾಗಾಗಿ ಒಂದು ಎಸ್‌ಎಸ್‌ಡಿ (ವೇಗದ ಹೊಸ ಡಿಸ್ಕ್), ಅದರ ಮೇಲೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಓಎಸ್. ತೀರ್ಮಾನ ಸರಿಯಾಗಿಯೇ ಇತ್ತು. ಇವತ್ತಿಗೂ ಅದನ್ನೇ ಹೇಳುತ್ತೇನೆ.

ಹಳೇ ಹಾರ್ಡ್ ಡಿಸ್ಕನ್ನು ತೆಗೆಯುವ ಹಾಗಿರಲಿಲ್ಲ. ಅದರಲ್ಲಿ ವರ್ಷಗಟ್ಟಲೆ ಸ್ಕ್ಯಾನ್ ಮಾಡಿಟ್ಟ ವೋಚರ್‌ಗಳಿದ್ದವು. ಬ್ಯಾಕಪ್ ಇದೆಯಾ ಅಂತ ಕೇಳಿದರೆ ಅಕೌಂಟ್ಸ್‌ನವರು ನಮ್ಮ ಕಡೆ ನೋಡಿದರು, ನಾವು ಅವರ ಕಡೆ ನೋಡಿದೆವು. ಸರ್ವರ್‌ನಲ್ಲಿ ಜಾಗ ಕೊಡಲು ಅಪ್ರೂವಲ್ ಬೇಕು, ಅದು ಬರುವವರೆಗೆ ಎರಡೂ ಡಿಸ್ಕ್ ಒಳಗೇ ಇರಲಿ ಅಂತಾಯಿತು.

ಇನ್‌ಸ್ಟಾಲ್ ದಿನ ಕೂತದ್ದು ನಾನು ಮತ್ತು ಟೀಮಿಗೆ ಹೊಸದಾಗಿ ಬಂದ ಹುಡುಗ. ನಮ್ಮ ರಿಪೇರಿ ಬೆಂಚಿನ ಮೇಲೆ ಇಟ್ಟು ಆನ್ ಮಾಡಿದಾಗ ಕಪ್ಪು ಪರದೆ ಮೇಲೆ ಚೆಕ್‌ಸಮ್ ಎರರ್ (ಬಯಾಸ್ ಸೆಟ್ಟಿಂಗ್ ಕೆಟ್ಟಿದೆ ಅನ್ನೋ ಸೂಚನೆ) ಬಂತು, ಎಫ್1 ಒತ್ತಿ ಅಂತ ಕೇಳಿತು. ಪ್ಲಗ್ ಕಿತ್ತು ಹೊತ್ತು ತಂದ ಮಷಿನ್ ಅಲ್ವಾ, ಕೇಳುತ್ತೆ ಅಂದುಕೊಂಡೆವು. ಸೆಟಪ್ ಒಳಗೆ ಹೋದೆವು. ಮೊದಲ ಪುಟದ ಮೊದಲ ಸಾಲಿನಲ್ಲೇ ತಾರೀಖು ಇರುತ್ತದೆ. ನಮಗೆ ಬೇಕಿದ್ದದ್ದು ಮಷಿನ್ ಯಾವುದರಿಂದ ಶುರುವಾಗಬೇಕು ಅಂತ ಹೇಳುವ ಬೂಟ್ ಪುಟ. ಬಾಣದ ಕೀ ಒತ್ತುತ್ತಾ ಆ ಸಾಲನ್ನು ದಾಟಿಕೊಂಡು ಹೋದೆವು.

ಮಿಂಟ್ ಇನ್‌ಸ್ಟಾಲರ್ ಡಿಸ್ಕ್ ಕೇಳುವ ಪುಟಕ್ಕೆ ಬಂತು. ಒಂದು 500 ಜಿಬಿ, ಇನ್ನೊಂದು 480 ಜಿಬಿ. ಪರದೆ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದವು. ಹುಡುಗ ಮೇಲಿನದನ್ನು ಆರಿಸಿದ್ದ, ಇರುವುದನ್ನೆಲ್ಲ ಅಳಿಸು ಅನ್ನೋ ಆಯ್ಕೆಗೆ ಚುಕ್ಕೆ ಇಟ್ಟಿದ್ದ. ಮೌಸ್ ಮುಂದಿನ ಬಟನ್ ಮೇಲಿತ್ತು. ಒಂದು ನಿಮಿಷ ಅಂದೆ. ಅವನು ಕೈ ತೆಗೆದ. ಮಾಡೆಲ್ ನಂಬರ್ ಓದಿದೆವು, ಡಿಸ್ಕಿನ ಮೇಲಿನ ಸ್ಟಿಕರ್ ನೋಡಲು ಟಾರ್ಚ್ ಹಾಕಿದೆವು, ಮತ್ತೆ ಪರದೆ ನೋಡಿದೆವು. ಅವನು ಆರಿಸಿದ್ದು ಎಸ್‌ಎಸ್‌ಡಿಯೇ, ಸರಿಯಾಗೇ ಇತ್ತು. ಆದರೂ ನನ್ನ ಕೈ ಒಪ್ಪಲಿಲ್ಲ. ಮಷಿನ್ ಆಫ್ ಮಾಡಿಸಿ ಹಳೇ ಡಿಸ್ಕಿನ ಸಾಟಾ ಕೇಬಲ್ ಕಿತ್ತು, ಮೊದಲಿಂದ ಶುರು ಮಾಡಿದೆವು. ಡೇಟಾ ಇರುವ ಡಿಸ್ಕ್ ಒಳಗಿಟ್ಟುಕೊಂಡು ಇನ್‌ಸ್ಟಾಲ್ ಮಾಡುವುದನ್ನು ಯಾರೂ ಮಾಡಬಾರದು. ಕೇಬಲ್ ಕೀಳಲು ಅರ್ಧ ನಿಮಿಷ ಸಾಕು. ಲಿನಕ್ಸ್ ಎಬ್ಬಿಸುವ ಗ್ರಬ್ ಪ್ರೋಗ್ರಾಂ ಯಾವ ಡಿಸ್ಕಿನಲ್ಲಿ ಕೂತಿತು ಅನ್ನೋ ಅನುಮಾನವೂ ಇರುವುದಿಲ್ಲ.

ಇನ್‌ಸ್ಟಾಲ್ ಚೆನ್ನಾಗಿ ಮುಗಿಯಿತು. ಹಳೇ ಡಿಸ್ಕನ್ನು ಮತ್ತೆ ಜೋಡಿಸಿದೆವು, ಬಯಾಸ್‌ನಲ್ಲಿ ಎಸ್‌ಎಸ್‌ಡಿಯನ್ನು ಮೊದಲಿಗೆ ಇಟ್ಟೆವು, ಪ್ರಿಂಟರ್ ಹಾಕಿದೆವು, ಆಫ್ ಮಾಡಿ ಆನ್ ಮಾಡಿ ನೋಡಿದೆವು. ಮಿಂಟ್ ಬಂತು. ಮತ್ತೊಮ್ಮೆ ನೋಡಿದೆವು. ಮತ್ತೆ ಮಿಂಟ್. ಸಂಜೆ ಸೀಟಿನಲ್ಲಿ ಕೂರಿಸಿ ಬಂದೆವು.

ಮರುದಿನ ಬೆಳಿಗ್ಗೆ ಅಕೌಂಟ್ಸ್ ಮೇಡಂ ಫೋನ್. "ಸರ್, ನೀವು ಹಾಕಿದ್ದು ಹೋಗಿದೆ. ಹಳೇ ವಿಂಡೋಸ್ ಬಂದಿದೆ."

ಹುಡುಗ ಹೋಗಿ ನೋಡಿದ. ಬೂಟ್ ಆರ್ಡರ್‌ನಲ್ಲಿ ಹಳೇ ಡಿಸ್ಕ್ ಮೇಲಿತ್ತು. ಸರಿ ಮಾಡಿ ಬಂದ. ಅದರ ಮರುದಿನ ಮತ್ತೆ ಅದೇ ಫೋನ್. ಆಗ ನಮ್ಮ ಅನುಮಾನ ಒಂದೊಂದಾಗಿ ಓಡತೊಡಗಿತು. ಗ್ರಬ್ ಕೆಟ್ಟಿರಬೇಕು ಅಂತ ಮತ್ತೆ ಹಾಕಿದೆವು. ಎಸ್‌ಎಸ್‌ಡಿ ತಡವಾಗಿ ಏಳುತ್ತಿದೆಯೋ ಏನೋ ಅಂತ ಬೇರೆ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆವು. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ರಿಪೋರ್ಟ್ ತೆಗೆದೆವು. ರೀಅಲೊಕೇಟೆಡ್ ಸೆಕ್ಟರ್ ಸೊನ್ನೆ, ಪೆಂಡಿಂಗ್ ಸೊನ್ನೆ. ಸಿಆರ್‌ಸಿ ಎರರ್ ಇಲ್ಲ, ಅಂದರೆ ಕೇಬಲ್ ಕೂಡ ಸರಿ. ಯಾರೋ ಬೇಕೆಂದೇ ಬಯಾಸ್ ಬದಲಿಸುತ್ತಿದ್ದಾರೆ ಅಂತ ಮ್ಯಾನೇಜರ್ ಹೇಳಿದರು. ಪಾಸ್‌ವರ್ಡ್ ಹಾಕಿಸಿದರು. ಬೆಳಿಗ್ಗೆ ಆ ಪಾಸ್‌ವರ್ಡ್ ಕೂಡ ಇರಲಿಲ್ಲ.

ಅಲ್ಲಿಗಾದರೂ ನಾವು ನಿಂತು ಯೋಚಿಸಬೇಕಿತ್ತು. ಆದರೆ ಮಷಿನ್ ಬೆಂಚಿಗೆ ತಂದು ಬೂಟ್ ಆರ್ಡರ್ ಒಮ್ಮೆ ಸರಿ ಮಾಡಿದರೆ ಆಮೇಲೆ ಪೂರ್ತಿ ಸರಿ ಇರುತ್ತಿತ್ತು. ದಿನವಿಡೀ ರೀಸ್ಟಾರ್ಟ್ ಮಾಡಿದರೂ, ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದರೂ ಮಿಂಟೇ ಬರುತ್ತಿತ್ತು. ಬೆಂಚಿನ ಮೇಲೆ ಕಾಣದ ತೊಂದರೆಯನ್ನು ಏನಂತ ಬರೆಯುವುದು? ಅಷ್ಟರಲ್ಲಿ ಸರ್ವರ್ ಜಾಗಕ್ಕೆ ಅಪ್ರೂವಲ್ ಬಂತು. ವೋಚರ್‌ಗಳನ್ನೆಲ್ಲ ಅಲ್ಲಿಗೆ ಹಾಕಿ ಹಳೇ ಡಿಸ್ಕ್ ಹೊರಗೆ ತೆಗೆದೆವು. ಒಳಗೆ ಒಂದೇ ಡಿಸ್ಕ್ ಇದ್ದ ಮೇಲೆ ಬೂಟ್ ಆರ್ಡರ್ ಏನಾದರೂ ಏನು, ಮಿಂಟ್ ಬಂದೇ ಬರುತ್ತೆ. ಫೋನ್ ನಿಂತಿತು. ಟಿಕೆಟ್ ಕ್ಲೋಸ್ ಆಯಿತು.

ಕಾರಣ ಗೊತ್ತಾಗದೆ ತೊಂದರೆ ಮಾಯವಾದರೆ ಅದನ್ನು ಕ್ಲೋಸ್ ಅಂತ ಬರೆಯಲು ನಮ್ಮ ಟಿಕೆಟ್ ಟೂಲ್ ಸಲೀಸಾಗಿ ಬಿಡುತ್ತದೆ. ಕಾರಣದ ಕಾಲಂ ಖಾಲಿ ಇದ್ದರೂ ಅದಕ್ಕೆ ಪರವಾಗಿಲ್ಲ. ತಿಂಗಳ ಕೊನೆಗೆ ಎಣಿಸುವುದು ಎಷ್ಟು ಮುಗಿದವು ಅಂತ ಮಾತ್ರ. ಇದು ನನಗೆ ಇವತ್ತಿಗೂ ಹಿಡಿಸದ ವಿಷಯ.

ಕೆಲವು ವಾರ ಕಳೆದ ಮೇಲೆ ಅದೇ ಸೀಟಿನಿಂದ ಇನ್ನೊಂದು ಟಿಕೆಟ್. ಬ್ಯಾಂಕ್ ಸೈಟ್ ಸೇಫ್ ಅಲ್ಲ ಅಂತ ಬರ್ತಿದೆ. ಬೇರೆ ಸೈಟ್‌ಗಳು ತೆರೆಯುತ್ತಿವೆ, ನಮ್ಮ ಅಪ್ಲಿಕೇಶನ್ ತೆರೆಯುತ್ತಿದೆ, ಅದೊಂದು ಮಾತ್ರ ಇಲ್ಲ. ಟಿಕೆಟ್ ನೆಟ್‌ವರ್ಕ್ ಟೀಮಿಗೆ ಹೋಯಿತು. ಅವರು ಪ್ರಾಕ್ಸಿ ನೋಡಿ ನಮ್ಮದಲ್ಲ ಅಂತ ವಾಪಸ್ ಕಳಿಸಿದರು. ನಮ್ಮವರು ಬ್ರೌಸರ್ ಕ್ಯಾಶೆ ಅಳಿಸಿ ಅವರಿಗೇ ತಿರುಗಿ ಕಳಿಸಿದರು. ಹೀಗೇ ಓಡಾಡುತ್ತಿತ್ತು. ಕೊನೆಗೆ ನಾನೇ ಬೆಳಿಗ್ಗೆ ಬೇಗ ಹೋಗಿ, ಮೇಡಂ ಬರುವ ಮುಂಚೆ ಆ ಸೀಟಿನ ಪಕ್ಕ ಕುಳಿತೆ.

ಅವರು ಬಂದರು. ಬ್ಯಾಗ್ ಇಟ್ಟು ಮೊದಲು ಗೋಡೆಯ ಸ್ವಿಚ್ ಹಾಕಿದರು, ಆಮೇಲೆ ಸಿಪಿಯು ಬಟನ್ ಒತ್ತಿದರು. ಪರದೆ ಕಡೆ ನೋಡಲೂ ಇಲ್ಲ. ಒಂದು ಕೈಯಲ್ಲಿ ಡ್ರಾಯರ್ ತೆಗೆಯುತ್ತಾ ಇನ್ನೊಂದು ಕೈ ತಾನಾಗಿ ಹೋಗಿ ಎಫ್1 ಒತ್ತಿತು.

"ಮೇಡಂ, ಈಗೇನು ಒತ್ತಿದಿರಿ?"

"ಅದಾ ಸರ್? ಅದು ಮೊದಲಿಂದಲೂ ಹಾಗೇ. ಎಫ್1 ಒತ್ತಿದರೆ ಮುಂದಕ್ಕೆ ಹೋಗುತ್ತೆ. ಮುಂಚೆ ತಾರೀಖು ಕೂಡ ದಿನಾ ನಾನೇ ಸರಿ ಮಾಡ್ಕೊಳ್ತಿದ್ದೆ. ಈಗ ನಿಮ್ಮ ಮಿಂಟ್‌ನಲ್ಲಿ ತಾರೀಖು ಬದಲಿಸೋಕೆ ಪಾಸ್‌ವರ್ಡ್ ಕೇಳುತ್ತೆ, ಅದಕ್ಕೆ ಬಿಟ್ಟಿದ್ದೀನಿ."

ನಾನು ಟರ್ಮಿನಲ್ ತೆಗೆದು, ಗಡಿಯಾರದ ವಿವರ ತೋರಿಸುವ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಹೊಡೆದೆ. ಲೋಕಲ್ ಟೈಮ್ ಸಾಲಿನಲ್ಲಿ ಎರಡು ವಾರಕ್ಕೂ ಹಿಂದಿನ ತಾರೀಖು. ಅದರ ಕೆಳಗೆ ಆರ್‌ಟಿಸಿ (ಮದರ್‌ಬೋರ್ಡಿನ ಗಡಿಯಾರ) ಸಾಲಿನಲ್ಲಿ 2009, ಜನವರಿ 1. ಸಿಂಕ್ ಆಗಿದೆಯಾ ಅನ್ನುವ ಕಡೆ ಇಲ್ಲ ಅಂತ ಇತ್ತು.

ಸಿಮೋಸ್ ಬ್ಯಾಟರಿ ಸತ್ತಿತ್ತು. ಅಷ್ಟೇ. ಮದರ್‌ಬೋರ್ಡ್ ಮೇಲೆ ನಾಣ್ಯದಂತೆ ಕೂತಿರುವ ಸಿಆರ್2032 ಸೆಲ್.

ಹಳೇ ಬೋರ್ಡುಗಳಲ್ಲಿ ಗಡಿಯಾರವೂ ಬಯಾಸ್ ಸೆಟ್ಟಿಂಗೂ ಒಂದೇ ಕಡೆ ಇರುತ್ತವೆ. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಈ ಪದ್ಧತಿ ಶುರು ಮಾಡಿದ್ದು. ಗಡಿಯಾರದ ಚಿಪ್‌ನಲ್ಲಿದ್ದ 64 ಬೈಟ್ ಸಿಮೋಸ್ ಮೆಮೊರಿಯಲ್ಲೇ ಸೆಟ್ಟಿಂಗ್ ಇಟ್ಟರು, ಅದಕ್ಕೊಂದು ಬ್ಯಾಟರಿ ಕೊಟ್ಟರು. ಬ್ಯಾಟರಿ ಹೋದರೆ ತಾರೀಖು, ಬೂಟ್ ಆರ್ಡರ್, ಪಾಸ್‌ವರ್ಡ್, ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ರೀತಿ) ಎಲ್ಲ ಒಟ್ಟಿಗೆ ಹೋಗುತ್ತವೆ. ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಇರುವ ಈಗಿನ ಬೋರ್ಡುಗಳು ಬೂಟ್ ಪಟ್ಟಿಯನ್ನು ಫ್ಲ್ಯಾಶ್‌ನಲ್ಲಿ ಇಡುವುದರಿಂದ ಸಾಮಾನ್ಯವಾಗಿ ಗಡಿಯಾರ ಮಾತ್ರ ಕೆಡುತ್ತದೆ. ಹೊಸ ಮಷಿನ್‌ಗಳನ್ನೇ ನೋಡಿ ಬಂದ ಹುಡುಗರಿಗೆ ಈ ರೋಗ ತಟ್ಟನೆ ಹೊಳೆಯದಿರುವುದು ಅದಕ್ಕೇ.

ಇನ್ನು ಬೆಂಚಿನ ವಿಷಯ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ, ಮಷಿನ್ ಆಫ್ ಆಗಿದ್ದರೂ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ) 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಲೇ ಇರುತ್ತದೆ. ಆ ಕರೆಂಟೇ ಸಿಮೋಸ್ ಅನ್ನು ಸಾಕುತ್ತದೆ, ಸೆಲ್ ಇಲ್ಲದಿದ್ದರೂ ಗೊತ್ತಾಗುವುದಿಲ್ಲ. ನಮ್ಮ ಬೆಂಚಿನ ಸ್ವಿಚ್ ಯಾವತ್ತೂ ಆಫ್ ಆಗುವುದಿಲ್ಲ. ಅಕೌಂಟ್ಸ್‌ನಲ್ಲಿ ಸಂಜೆ ಹೋಗುವಾಗ ಗೋಡೆಯ ಸ್ವಿಚ್ ಆರಿಸಿ ಹೋಗಬೇಕು ಅಂತ ನಿಯಮ. ಮಧ್ಯಾಹ್ನ ರೀಸ್ಟಾರ್ಟ್ ಮಾಡಿದರೆ ಸರಿ, ಬೆಳಿಗ್ಗೆ ಮಾತ್ರ ತಪ್ಪು. ಕಾರಣ ಗೊತ್ತಾದ ಮೇಲೆ ಒಂದೊಂದೂ ತನ್ನ ಜಾಗದಲ್ಲಿ ಕೂತಿತು.

ತಾರೀಖಿನ ಕಥೆ ಇನ್ನೂ ಸೂಕ್ಷ್ಮ. ವಿಂಡೋಸ್ 7 ಇದ್ದಾಗ ಮೂಲೆಯಲ್ಲಿ 2009 ಅಂತ ನೇರವಾಗಿ ಕಾಣುತ್ತಿತ್ತು, ಮೇಡಂ ಸರಿ ಮಾಡುತ್ತಿದ್ದರು. ಈ ಮಿಂಟ್ ಹಾಗೆ ಮಾಡುವುದಿಲ್ಲ. ಅದರೊಳಗೆ ಸಮಯ ನೋಡಿಕೊಳ್ಳುವ ಟೈಮ್‌ಸಿಂಕ್‌ಡಿ ಪ್ರೋಗ್ರಾಂ ಆಗಾಗ ಈಗಿನ ಸಮಯವನ್ನು ಡಿಸ್ಕಿನಲ್ಲಿ ಗುರುತು ಹಾಕಿಡುತ್ತದೆ. ಬೂಟ್ ಆಗುವಾಗ ಆರ್‌ಟಿಸಿ ಅದಕ್ಕಿಂತ ಹಿಂದಿದ್ದರೆ ಗುರುತು ಹಾಕಿದ ಸಮಯದಿಂದ ಮುಂದುವರಿಸುತ್ತದೆ. ಅಂದರೆ ನಿನ್ನೆ ಸಂಜೆ ಆಫ್ ಮಾಡಿದ ಹೊತ್ತಿನಿಂದ ಇವತ್ತು ಬೆಳಿಗ್ಗೆ ಶುರು. ಪ್ರತಿ ರಾತ್ರಿಯೂ, ಪ್ರತಿ ರಜೆಯೂ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಮಷಿನ್ ದಿನದಿನಕ್ಕೂ ಹಿಂದೆ ಬೀಳುತ್ತಿತ್ತು. ಬ್ಯಾಂಕ್ ಸೈಟ್ ಆ ನಡುವೆ, ತಾನು ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟ್ ಹೊಸದು ಮಾಡಿಕೊಂಡಿತ್ತು. ಈ ಮಷಿನ್ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಶುರುವಾಗುವ ದಿನವೇ ಬಂದಿರಲಿಲ್ಲ. ಹಳೇ ಸರ್ಟಿಫಿಕೇಟ್ ಇದ್ದ ಸೈಟ್‌ಗಳು ಮಾತ್ರ ತೆರೆಯುತ್ತಿದ್ದವು. ಬ್ರೌಸರ್ ಆ ಪುಟದಲ್ಲೇ ನಿಮ್ಮ ಗಡಿಯಾರ ನೋಡಿ ಅಂತ ಬರೆದಿತ್ತು. ಎರಡು ಟೀಮುಗಳ ನಡುವೆ ಅಷ್ಟು ಓಡಾಡಿದ ಟಿಕೆಟ್‌ನಲ್ಲಿ ಆ ಪುಟವನ್ನು ಕೊನೆತನಕ ಓದಿದವರು ಒಬ್ಬರೂ ಇರಲಿಲ್ಲ.

ಬೂಟ್ ಲಾಗ್‌ನಲ್ಲೂ ಇತ್ತು. ಗಡಿಯಾರ ಹಿಂದಕ್ಕೆ ಹೋಗಿದೆ, ಉಳಿಸಿಟ್ಟ ಸಮಯದಿಂದ ಸರಿಪಡಿಸಲಾಗಿದೆ ಅನ್ನೋ ಅರ್ಥದ ಸಾಲು, ದಿನಕ್ಕೊಂದು. ನಾವು ಲಾಗ್‌ನಲ್ಲಿ ಹುಡುಕಿದ್ದು ಡಿಸ್ಕ್ ಎರರ್.

ಸೆಲ್ ಬದಲಿಸಲು ಹೆಚ್ಚು ಹೊತ್ತು ಬೇಡ. ಪಕ್ಕದ ಕ್ಲಿಪ್ ತಳ್ಳಿದರೆ ಎಗರಿ ಬರುತ್ತದೆ, ಪ್ಲಸ್ ಮೇಲಿರುವಂತೆ ಹೊಸದನ್ನು ಕೂರಿಸಬೇಕು. ಅದು 3 ವೋಲ್ಟ್ ಸೆಲ್, ನಾವು ತೆಗೆದದ್ದು ಮಲ್ಟಿಮೀಟರ್‌ನಲ್ಲಿ ಎರಡು ವೋಲ್ಟ್ ಕೂಡ ಮುಟ್ಟಲಿಲ್ಲ. ಆದರೆ ಹೊಸ ಸೆಲ್ ಕೈಗೆ ಬರಲು ಆದ ತಡ ಹೇಳತೀರದು. ಸ್ಟೋರ್ ಪಟ್ಟಿಯಲ್ಲಿ ಅದು ಇಲ್ಲ, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಬೇರೆ ಫಾರ್ಮ್, ಆ ಫಾರ್ಮ್‌ಗೆ ಎರಡು ಸಹಿ. ಎಸ್‌ಎಸ್‌ಡಿಗೆ ಒಂದೇ ಮಾತಿನಲ್ಲಿ ಒಪ್ಪಿದವರು ಸೆಲ್‌ಗೆ ಯಾಕೆ ಅಂತ ಕೇಳಿದರು. ಹಳೇ ಮಷಿನ್‌ಗಳನ್ನೇ ಇನ್ನಷ್ಟು ವರ್ಷ ಓಡಿಸಬೇಕು ಅನ್ನೋದು ಅವರದೇ ತೀರ್ಮಾನ. ಹಾಗಿದ್ದ ಮೇಲೆ ಸೆಲ್, ಥರ್ಮಲ್ ಪೇಸ್ಟ್, ಸಾಟಾ ಕೇಬಲ್ ಇವು ಸ್ಟೋರ್‌ನಲ್ಲಿ ಇರಲೇಬೇಕು.

ಸೆಲ್ ಬರುವವರೆಗೆ ಇನ್ನೊಂದು ಕೆಲಸ ಮಾಡಿದೆವು, ಇಂಥ ಬೋರ್ಡ್ ಇರುವವರಿಗೆ ಉಪಯೋಗ ಆದೀತು. ಎಸ್‌ಎಸ್‌ಡಿಯನ್ನು ಸಾಟಾ 0 ಪೋರ್ಟಿಗೆ ಬದಲಿಸಿದೆವು. ಆ ಬೋರ್ಡ್ ಡೀಫಾಲ್ಟ್‌ಗೆ ಹೋದಾಗ ಮೊದಲು ನೋಡುವುದು ಆ ಪೋರ್ಟನ್ನೇ. ಮೊದಲ ದಿನವೇ ಹಾಗೆ ಹಾಕಿದ್ದರೆ ಹಳೇ ವಿಂಡೋಸ್ ಮತ್ತೆ ಮುಖ ತೋರಿಸುತ್ತಿರಲಿಲ್ಲ. ಆದರೆ ಗಡಿಯಾರದ ತೊಂದರೆ ಇನ್ನೂ ಆಳದಲ್ಲಿ ಉಳಿದುಬಿಡುತ್ತಿತ್ತು. ಇದೇ ಬೋರ್ಡಿನಲ್ಲಿ ಎಎಚ್‌ಸಿಐ ಅನ್ನೋ ಹೊಸ ಸಾಟಾ ಮೋಡ್‌ನಲ್ಲಿ ವಿಂಡೋಸ್ ಹಾಕಿದ್ದರೆ ಪಾಡು ಬೇರೆ. ಡೀಫಾಲ್ಟ್ ಆಗಿ ಹಳೇ ಐಡಿಇ ಮೋಡ್‌ಗೆ ತಿರುಗಿದ ಬೆಳಿಗ್ಗೆ 0x7ಬಿ ನೀಲಿ ಪರದೆ ಬಂದು, ಎಲ್ಲರೂ ವಿಂಡೋಸ್ ಕೆಟ್ಟಿದೆ ಅಂತ ಮತ್ತೆ ಇನ್‌ಸ್ಟಾಲ್‌ಗೆ ಕೂರುತ್ತಿದ್ದರು.

ಹುಡುಗ ಈಗ ಮಷಿನ್ ಎತ್ತಿಕೊಂಡು ಬರುವ ಮುಂಚೆ ಅದರ ಮುಂದೆ ಕೂರುವವರನ್ನೇ ಕೇಳುತ್ತಾನೆ, ಬೆಳಿಗ್ಗೆ ಆನ್ ಮಾಡಿದಾಗಿಂದ ಕೆಲಸ ಶುರುವಾಗುವವರೆಗೆ ಏನೇನು ಒತ್ತುತ್ತೀರಿ ಅಂತ. ತೊಂದರೆ ಏನು ಅಂತ ಕೇಳಿದರೆ ಮೇಡಂ ಎಫ್1 ವಿಷಯ ಹೇಳುತ್ತಲೇ ಇರಲಿಲ್ಲ. ಅವರಿಗೆ ಅದು ತೊಂದರೆಯೇ ಆಗಿರಲಿಲ್ಲ. ಹೀಗೆ ಕೇಳುತ್ತಾ ಹೋದಾಗ ಅದೇ ಮಾಡೆಲ್‌ನ ಇನ್ನೂ ಕೆಲವು ಮಷಿನ್‌ಗಳಲ್ಲಿ ಎಫ್1 ಸಿಕ್ಕಿದೆ. ಅವುಗಳಿಗೆ ಸೆಲ್ ಹಾಕಿದ ಮೇಲೆಯೇ ಇನ್‌ಸ್ಟಾಲ್.

ಉಳಿದಿರುವುದು ನೆಟ್‌ವರ್ಕ್ ಟೀಮಿನ ಪಾಲು. ನಮ್ಮ ಬೆಂಚಿನ ವಿಲ್ಯಾನ್‌ನಲ್ಲಿ (ಆಫೀಸ್ ನೆಟ್‌ವರ್ಕಿನ ಒಂದು ಭಾಗ) ಎನ್‌ಟಿಪಿ, ಅಂದರೆ ಟೈಮ್ ಸರ್ವರ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುವ ಸಂಪರ್ಕ, ಹೊರಗೆ ಹೋಗುತ್ತದೆ, ಅಕೌಂಟ್ಸ್ ವಿಲ್ಯಾನ್‌ನಲ್ಲಿ ಅದರ ದಾರಿಯಾದ ಯುಡಿಪಿ 123 ಬ್ಲಾಕ್ ಆಗಿದೆ. ಬೆಂಚಿನ ಮೇಲೆ ತಾರೀಖು ತಾನಾಗಿ ಸರಿಹೋಗುತ್ತಿದ್ದದ್ದು ಅದರಿಂದಲೇ. ಹೊರಗಿನದು ತೆರೆಯಲು ಆಗದಿದ್ದರೆ ಒಳಗೇ ಒಂದು ಟೈಮ್ ಸರ್ವರ್ ಕೊಡಿ ಅಂತ ಕೇಳಿದ್ದೇವೆ. ಆ ಟಿಕೆಟ್ ಇನ್ನೂ ಓಪನ್ ಇದೆ. ಅದನ್ನಂತೂ ಕಾರಣದ ಕಾಲಂ ತುಂಬದೆ ಕ್ಲೋಸ್ ಮಾಡಲು ನಾನು ಬಿಡುವುದಿಲ್ಲ.