ಬಿಸ್ಲೆ ದಾರಿಯಲ್ಲೊಂದು ಕಲ್ಲು

"ಸಾರ್, ಮಂಜರಾಬಾದ್ ಕೋಟೆಗೆ ಹೈವೇಯಲ್ಲೇ ಮಂಗಳೂರು ಕಡೆ ಹೋಗಿ, ದೋಣಿಗಲ್ ಹತ್ರ ಸಿಗುತ್ತೆ. ಬಿಸ್ಲೆಗಾದ್ರೆ ಹೆತ್ತೂರು, ವಣಗೂರು ಮೇಲೆ. ಬೆಳಿಗ್ಗೆ ಬೇಗ ಬಿಡಿ."

ಎರಡು ತಿಂಗಳಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ. ನಾನು ಮಾತ್ರ ಎರಡನ್ನೂ ನೋಡಿರಲಿಲ್ಲ.

ಸಕಲೇಶಪುರದ ಹತ್ತಿರದ ಒಂದು ಹೋಂಸ್ಟೇಯಲ್ಲಿ ಬೇಸಿಗೆ ರಜೆಯ ಕೆಲಸ. ಊಟ, ಮಲಗೋಕೆ ಜಾಗ, ತಿಂಗಳಿಗೆ 12,000 ರೂಪಾಯಿ. ಬೆಡ್‌ಶೀಟ್ ಬದಲಿಸುವುದು, ಗೀಸರ್ ಹಾಕಿಕೊಡುವುದು, ರಾತ್ರಿ ಬೆಂಕಿಗೆ ಸೌದೆ ಒಟ್ಟುವುದು, ಉಳಿದ ಹೊತ್ತಿನಲ್ಲಿ ದಾರಿ ಹೇಳುವುದು. ಅಡುಗೆಮನೆಯಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗ, ನನ್ನ ವಯಸ್ಸಿನವನೇ. ಶನಿವಾರ, ಭಾನುವಾರ ಇಬ್ಬರಿಗೂ ಕೂರಲು ಬಿಡುವಿರುತ್ತಿರಲಿಲ್ಲ. ಮಂಗಳವಾರ ರಜೆ. ಸಿಕ್ಕ ಮಂಗಳವಾರಗಳನ್ನೆಲ್ಲ ಬಟ್ಟೆ ಒಗೆದು, ನಿದ್ದೆ ಹೊಡೆದು ಕಳೆದೆವು. ಮೇ ಕೊನೆಯ ಮಂಗಳವಾರ ಅವನೇ ಎಬ್ಬಿಸಿದ. "ಏಳಲೇ. ಊರಿಗೆ ಹೋಗಿ ಏನ್ ನೋಡಿ ಬಂದಿ ಅಂದ್ರ ಏನ್ ಹೇಳ್ತಿ? ಬೆಡ್‌ಶೀಟ್ ನೋಡಿ ಬಂದೆ ಅಂತಿಯೇನು?"

ಪೇಟೆಯಲ್ಲಿ ಒಂದು ಸ್ಕೂಟರ್ ಬಾಡಿಗೆಗೆ ಹಿಡಿದೆವು. ದಿನಕ್ಕೆ 700. ಇಲ್ಲೇ ಹೇಳಿಬಿಡುತ್ತೇನೆ: ಗಾಡಿ ತೆಗೆದುಕೊಳ್ಳುವ ಮುಂಚೆ ಸುತ್ತಲೂ ಒಂದು ವಿಡಿಯೋ ಮಾಡಿಕೊಳ್ಳಿ. ಟೈರ್ ಮೇಲೆ ಕೈ ಆಡಿಸಿ ನೋಡಿ. ನಾವು ಎರಡನ್ನೂ ಮಾಡಲಿಲ್ಲ. ಹಿಂದಿನ ಟೈರ್ ನಮ್ಮ ತಾತನ ತಲೆಯ ಹಾಗೆ ನುಣ್ಣಗಿತ್ತು ಅಂತ ಗೊತ್ತಾಗಿದ್ದು ಸಂಜೆ.

ಮಂಜರಾಬಾದ್ ಬಗ್ಗೆ ಜಾಸ್ತಿ ಬರೆಯಲ್ಲ. ಟಿಪ್ಪು ಸುಲ್ತಾನ್ ಕಟ್ಟಿಸಿದ ಕೋಟೆ, 1792ರ ಕಾಲದ್ದು. ಎಂಟು ಮೂಲೆಯ ನಕ್ಷತ್ರ. ಗೆಸ್ಟ್‌ಗಳೆಲ್ಲ ಫೋನಿನಲ್ಲಿ ಆ ಡ್ರೋನ್ ಫೋಟೋ ತೋರಿಸಿಯೇ ದಾರಿ ಕೇಳುವುದು. ಆದರೆ ಕೋಟೆಯೊಳಗೆ ನಿಂತವರಿಗೆ ನಕ್ಷತ್ರ ಎಲ್ಲಿ ಕಾಣುತ್ತೆ? ಗೋಡೆ ಕಾಣುತ್ತೆ, ಹುಲ್ಲು ಕಾಣುತ್ತೆ, ಗೋಡೆ ಮೇಲೆ ಹೆಸರು ಕೆತ್ತಿದ ಪ್ರೇಮಿಗಳು ಕಾಣುತ್ತಾರೆ. ನನಗೆ ಇಷ್ಟವಾಗಿದ್ದು ನಡುವಿನ ಕೊಳ. ನಾಲ್ಕೂ ದಿಕ್ಕಿನಿಂದ ಮೆಟ್ಟಿಲು ಇಳಿದು ಶಿಲುಬೆಯ ಆಕಾರದಲ್ಲಿದೆ. ಪಕ್ಕದಲ್ಲಿ ಮದ್ದಿನ ಮನೆ, ನೆಲದೊಳಗೆ. ಒಳಗೆ ಕಾಲಿಟ್ಟರೆ ಫ್ರಿಜ್ ಬಾಗಿಲು ತೆಗೆದ ಹಾಗೆ ತಂಪು. ಹಾವೇರಿಯವನು ಅಲ್ಲೇ ಕೂತು, "ಇಲ್ಲೇ ಮಕ್ಕೊಂಡು ಹೋಗೂಣು" ಅಂದ.

ವಾಪಸ್ ಪೇಟೆಗೆ ಬಂದು ಬಿಸ್ಲೆ ರಸ್ತೆ ಹಿಡಿದೆವು. ಹೆತ್ತೂರು ದಾಟಿದ ಮೇಲೆ ಫೋನ್ ಸಿಗ್ನಲ್ ಹೋಯಿತು. ತೋಟ, ಸಿಲ್ವರ್ ಮರ, ಮತ್ತೆ ತೋಟ. ಮಂಕನಹಳ್ಳಿಯ ಹತ್ತಿರ ರಸ್ತೆ ಪಕ್ಕ ಒಂದು ಕಲ್ಲು. ಅದರ ಮೇಲೆ ರಿಡ್ಜ್ ಅಂತ ಬರೆದಿದೆ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಅಷ್ಟೇ. ಗೇಟಿಲ್ಲ, ಟಿಕೆಟ್ಟಿಲ್ಲ. ಗಾಡಿ ಜೋರಾಗಿ ಹೋಗುತ್ತಿದ್ದರೆ ಗೊತ್ತೇ ಆಗಲ್ಲ.

ಇಲ್ಲಿ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪಶ್ಚಿಮಕ್ಕೆ ಇಳಿದಿದ್ದು ಕುಮಾರಧಾರಾ ಸೇರಿ, ನೇತ್ರಾವತಿ ಸೇರಿ, ಮಂಗಳೂರಲ್ಲಿ ಸಮುದ್ರ. ಪೂರ್ವಕ್ಕೆ ಇಳಿದಿದ್ದು ಹೇಮಾವತಿ, ಗೊರೂರು ಡ್ಯಾಮು, ಆಮೇಲೆ ಕಾವೇರಿ. ಹಾವೇರಿಯವನು ಬಾಟಲಿ ತೆಗೆದು ಕಲ್ಲಿನ ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ನೀರು ಸುರಿದ. "ನೀ ಮಂಗಳೂರಿಗೆ ಹೋಗು, ನೀ ತಮಿಳುನಾಡಿಗೆ ಹೋಗು."

ನೀರು ಎಲ್ಲಿಗೂ ಹೋಗಲಿಲ್ಲ. ಬೇಸಿಗೆಯ ಮಣ್ಣು ಸರ್ ಅಂತ ಕುಡಿದುಬಿಟ್ಟಿತು. ಎರಡು ಕಪ್ಪು ಕಲೆ ಉಳಿದವು, ನೋಡನೋಡುತ್ತಲೇ ಅವೂ ಆರಿದವು. "ಕುಡಿಯೋ ನೀರು ಯಾಕೋ ಚೆಲ್ತೀಯ?" ಅಂತ ರೇಗಿದೆ. ಹಿಂದಿನಿಂದ ಯಾರೋ ನಕ್ಕರು.

ಮೋರಿ ಕಟ್ಟೆಯ ಮೇಲೆ ಒಬ್ಬರು ಅಜ್ಜ ಕೂತಿದ್ದರು. ಪಕ್ಕದಲ್ಲಿ ಗೊಬ್ಬರದ ಚೀಲ, ಅದರೊಳಗೆ ಹಲಸಿನಕಾಯಿ. ಸಕಲೇಶಪುರದಲ್ಲಿರುವ ಮಗಳ ಮನೆಗೆ ಒಯ್ಯುತ್ತಿದ್ದರು, ಬಸ್ಸಿಗೆ ಕಾಯುತ್ತಿದ್ದರು. "ಹಣ್ಣಾಗೋ ತನಕ ಬಿಟ್ರೆ ವಾಸನೆಗೆ ಆನೆ ಬರ್ತದೆ. ಅದಕ್ಕೇ ಕಾಯಲ್ಲೇ ಕಿತ್ತುಬಿಡೋದು" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀರು ಚೆಲ್ಲಿದ್ದಕ್ಕೆ ಬೈದ್ಯಲ್ಲ, ಯಾವೂರು ನಿಂದು?"

"ಅರಸೀಕೆರೆ ಕಡೆ ಅಜ್ಜ."

"ಹಂಗನ್ನು! ತೆಂಗಿನ ಸೀಮೆ."

"ತೆಂಗೆಲ್ಲಿ ಅಜ್ಜ, ನಮ್ಮ ತೋಟದಲ್ಲಿ ಅರ್ಧ ಸುಳಿ ಒಣಗಿ ನಿಂತಿದೆ."

"ಬೋರ್ ಎಷ್ಟು ಅಡಿ?"

"900. ಅದೂ ಎರಡನೇದು. ಮೊದಲನೇದ್ರಲ್ಲಿ ಬರೀ ಧೂಳು ಬಂತು."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಾದರು. ಎದುರಿನ ಗುಡ್ಡವನ್ನು ಬುಡದಿಂದ ತುದಿಯ ತನಕ ನೋಡಿದರು, 900 ಅಡಿ ಅಂದರೆ ಎಷ್ಟು ಅಂತ ಅಳೆಯುವವರ ಹಾಗೆ. "ನಮ್ಮ ಬಾವಿಗೆ ಮಳೆಗಾಲದಲ್ಲಿ ಹಗ್ಗ ಬೇಡ ಕಣೋ. ಬಗ್ಗಿ ಕೊಡಪಾನ ಅದ್ದೋದು."

"ಹಂಗಾರ ನಿಮಗೇನ್ ತ್ರಾಸು ಬಿಡ್ರಿ" ಅಂದ ಹಾವೇರಿಯವನು.

"ಅದೇ ಮಳೇನೇ ತ್ರಾಸು. ಬಟ್ಟೆ ಒಲೆ ಮೇಲೆ ಒಣಗ್ಬೇಕು. ಮೆಣಸಿನ ಬಳ್ಳಿ ಕೊಳೀತದೆ. ಕರೆಂಟ್ ಹೋದ್ರೆ ಯಾವತ್ತು ಬರ್ತದೋ. ಗದ್ದೆ ಅಂತೂ ಆನೆ ಕಾಟಕ್ಕೆ ಪಾಳು ಬಿಟ್ಟಿದೀವಿ."

ಎತ್ತಿನಹೊಳೆಯ ಮಾತು ತೆಗೆದದ್ದೂ ಅವರೇ. ಆ ಹಳ್ಳದ ನೀರು ನೇತ್ರಾವತಿಗೆ, ಅಂದರೆ ಪಶ್ಚಿಮಕ್ಕೆ ಹರಿಯುವಂಥದ್ದು. ಅದನ್ನು ಪಂಪ್ ಹಾಕಿ ಎತ್ತಿ, ಕಾಲುವೆಗೆ ಬಿಟ್ಟು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಯ್ಯುವ ಯೋಜನೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆಯೂ ಆಯಿತು. ಕಾಲುವೆ ನಮ್ಮ ಅರಸೀಕೆರೆ ತಾಲ್ಲೂಕನ್ನೂ ಹಾದು ಹೋಗುತ್ತದೆ. ಹೋಂಸ್ಟೇಗೆ ಬರುವವರು ಇದರ ಬಗ್ಗೆ ಬೈಯುವುದನ್ನು ಕೇಳಿದ್ದೆ. ಕಾಡು ಹಾಳಾಯ್ತು, ಗುಡ್ಡ ಕುಸಿಯುತ್ತೆ ಅಂತ. ಅವರು ಹೇಳುವುದೂ ಸುಳ್ಳಲ್ಲ. ಆದರೆ ಹಾಗೆ ಅನ್ನುವಾಗೆಲ್ಲ ನಾನು ತಟ್ಟೆ ಎತ್ತುತ್ತಾ ಸುಮ್ಮನಿರುತ್ತಿದ್ದೆ. ಅಜ್ಜನೂ ಬೈಯುತ್ತಾರೆ ಅಂದುಕೊಂಡೆ.

"ನೀರು ಕೊಡೋಕೆ ಬೇಜಾರಿಲ್ಲ ಕಣೋ" ಅಂದರು. "ಗುಡ್ಡ ಬಗೆದದ್ದಕ್ಕೆ ಬೇಜಾರು. ನಿಮ್ಮೂರಿಗೆ ಬಂತಾ ನೀರು?"

"ನಮ್ಮ ಹಳ್ಳಿಗೆ ಇನ್ನೂ ಇಲ್ಲ ಅಜ್ಜ."

"ಅದೂ ಇಲ್ವಾ" ಅಂದರು. ಆಮೇಲೆ, ನನ್ನನ್ನು ಸಮಾಧಾನ ಮಾಡಲೋ ಏನೋ, ತಮ್ಮ ಹಳೇ ಮನೆಯ ಕಥೆ ಹೇಳಿದರು. ಹೆಂಚಿನ ಮಾಡು. ಮುಂದಿನ ಇಳಿಜಾರಿನ ನೀರು ಸುಬ್ರಹ್ಮಣ್ಯಕ್ಕೆ, ಹಿತ್ತಲ ಇಳಿಜಾರಿನದು ಗೊರೂರಿಗೆ ಅಂತ ಅವರಪ್ಪ ಹೇಳುತ್ತಿದ್ದರಂತೆ. "ನಾವು ಅಣ್ಣತಮ್ಮಂದಿರು ಪೇಪರ್ ದೋಣಿ ಮಾಡಿ, ಇಬ್ಬರೂ ಒಂದೊಂದು ಕಡೆ ಬಿಡ್ತಿದ್ವಿ. ಯಾರದು ಮೊದಲು ಸಮುದ್ರ ಸೇರ್ತದೆ ಅಂತ ಪಂಥ."

"ಯಾರದು ಸೇರ್ತಿತ್ತು?"

"ಎರಡೂ ಕಾಫಿ ಗಿಡದ ಬುಡದಲ್ಲಿ ಸಿಕ್ಕಾಕೊಂಡಿರ್ತಿತ್ತು."

ಬಸ್ಸು ಬಂತು. ಚೀಲ ಎತ್ತಿ ಕೊಟ್ಟೆ. ಹಲಸು ಇಷ್ಟು ಭಾರ ಇರುತ್ತೆ ಅಂತ ಗೊತ್ತಿರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲಿಂದಲೇ, "ಕತ್ತಲೆ ಮುಂಚೆ ವಾಪಸ್ ಹೋಗ್ರೋ, ಆನೆ ಇದಾವೆ" ಅಂತ ಕೂಗಿದರು.

ಬಿಸ್ಲೆ ವ್ಯೂ ಪಾಯಿಂಟ್ ಚೆನ್ನಾಗಿದೆ, ಹೋಗಿ ನೋಡಿ. ಹಾಸನ, ಕೊಡಗು, ದಕ್ಷಿಣ ಕನ್ನಡ ಸೇರುವ ಜಾಗ. ಎದುರಿಗೆ 1,712 ಮೀಟರ್ ಎತ್ತರದ ಕುಮಾರ ಪರ್ವತ. ನಾವು ಮುಟ್ಟುವಷ್ಟರಲ್ಲಿ ಮೋಡ ಮುಚ್ಚಿ, ಪರ್ವತದ ಹೆಗಲು ಮಾತ್ರ ಕಂಡಿತು. ಯಾರೋ ಬಿಸಾಡಿದ ಚಿಪ್ಸ್ ಪ್ಯಾಕೆಟ್ಟುಗಳು ಮಾತ್ರ ಸ್ಪಷ್ಟವಾಗಿ ಕಂಡವು.

ವಾಪಸ್ ಬರುವಾಗ ವಣಗೂರಿಗೆ ಮುಂಚೆ ಪಂಕ್ಚರ್. ಅದೇ ನುಣ್ಣನೆ ಟೈರ್. ಅದೇ ಹೊತ್ತಿಗೆ ಮಳೆ. ಸಿಗ್ನಲ್ ಇಲ್ಲ, ಐದೂವರೆ ಗಂಟೆ, ತಲೆಯಲ್ಲಿ ಆನೆ. ಗಾಡಿ ತಳ್ಳುತ್ತಾ ಹೊರಟೆವು. ಕೆಂಪು ನೀರು ರಸ್ತೆಯ ಎರಡೂ ಚರಂಡಿಯಲ್ಲಿ ಭೋರ್ ಅಂತ ಹರಿಯುತ್ತಿತ್ತು. ಯಾವುದು ಯಾವ ಸಮುದ್ರಕ್ಕೆ ಅಂತ ಕೇಳುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಕೊನೆಗೆ ಒಂದು ತೋಟದ ಪಿಕಪ್ ನಿಲ್ಲಿಸಿತು. ಡ್ರೈವರಣ್ಣ ಸ್ಕೂಟರನ್ನೂ ನಮ್ಮನ್ನೂ ಗೊಬ್ಬರದ ಮೂಟೆಗಳ ಜೊತೆ ಹಾಕಿಕೊಂಡು ಪೇಟೆಗೆ ತಂದು ಬಿಟ್ಟರು. ಕಾಸು ಮುಟ್ಟಲಿಲ್ಲ. ಬಾಡಿಗೆಯವನು ಮಾತ್ರ ಮೊದಲೇ ಇದ್ದ ಗೀರು ತೋರಿಸಿ 500 ಕಿತ್ತುಕೊಂಡ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ರಾತ್ರಿ ಒದ್ದೆ ಪ್ಯಾಂಟು ಒಲೆಯ ಹತ್ತಿರ ಹರವಿ ಅಮ್ಮನಿಗೆ ಫೋನ್ ಮಾಡಿದೆ. ಇಲ್ಲಿ ಸಿಕ್ಕಾಪಟ್ಟೆ ಮಳೆ ಅಂದೆ.

"ಇಲ್ಲೂ ಮೋಡ ಆಗಿತ್ತು ಕಣಪ್ಪ" ಅಂದಳು ಅಮ್ಮ. "ಬಿಂದಿಗೆ, ಬಕೆಟ್ ಎಲ್ಲ ಆಚೆ ಇಟ್ಟಿದ್ದೆ. ಗಾಳಿ ಬಂದು ಬಕೆಟ್ ಉರುಳಿಸಿಕೊಂಡು ಹೋಯ್ತು. ನಾಳೆ ಟ್ಯಾಂಕರ್ ಬರುತ್ತಂತೆ."