ತಲೆ ತುಂಬಿದ ಡಬ್ಬ

ಶಿರಸಿ ಹತ್ತಿರದ ನಮ್ಮೂರಲ್ಲಿ ಅಡಿಕೆ ಗೊನೆಯ ಕೊಯ್ಲು ಶುರುವಾದರೆ ರಾತ್ರಿಯೂ ಅಂಗಳದ ದೀಪ ಆರುವುದಿಲ್ಲ. ಹಸಿ ಅಡಿಕೆಯನ್ನು ತಡಮಾಡದೆ ಸುಲಿದು ಬೇಯಿಸಿದರೆ ಮಾತ್ರ ಒಳ್ಳೆಯ ಕೆಂಪಡಿಕೆ. ಹಗಲೆಲ್ಲ ಬೇರೆ ಕೆಲಸ ಮಾಡಿ ಬಂದ ಹೆಂಗಸರು ಸಂಜೆ ಮೇಲೆ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಕೂಲಿ ದಿನದ ಲೆಕ್ಕದಲ್ಲಲ್ಲ. ಅರ್ಧಕ್ಕೆ ಕತ್ತರಿಸಿದ ಎಣ್ಣೆ ಡಬ್ಬದಲ್ಲಿ ಅಳೆದು, ಎಷ್ಟು ಡಬ್ಬವೋ ಅಷ್ಟು ದುಡ್ಡು.

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ಅಪ್ಪನಿಗೆ ಕೈನೋವು. ಅಳೆದು ಬರೆಯುವ ಕೆಲಸ ನನಗೆ ಬಂತು. ಮೊದಲ ರಾತ್ರಿ ಡಬ್ಬದ ಬಾಯಿಯವರೆಗೆ ತುಂಬಿ "ಒಂದು" ಅಂದೆ. ಅಪ್ಪ ಜಗುಲಿಯಿಂದಲೇ, "ಅಷ್ಟಲ್ಲ ಕೂಸೇ, ತಲೆ ತುಂಬಬೇಕು" ಅಂದ. ಅಡಿಕೆ ಉರುಳಿ ಕೆಳಗೆ ಬೀಳುವವರೆಗೂ ಸುರಿಯಬೇಕಂತೆ. ಹೆಂಗಸರು ಯಾರೂ ಮಾತಾಡಲಿಲ್ಲ.

ಮರುದಿನ ನಾನೂ ಸುಲಿಯಲು ಕೂತೆ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕತ್ತಿಗೆ ಅಡಿಕೆ ಒತ್ತಿ ಸಿಪ್ಪೆ ಬಿಡಿಸಬೇಕು. ಸ್ವಲ್ಪ ತಪ್ಪಿದರೆ ಹೆಬ್ಬೆರಳು. ಒಂದು ತಾಸಿಗೇ ಸೊಂಟ ಹಿಡಿಯಿತು, ಬೆರಳು ಚೊಗರಿಗೆ ಕಪ್ಪಾಯಿತು. ಮೂರು ತಾಸಾದರೂ ನನ್ನದು ಒಂದು ಡಬ್ಬ ತುಂಬಲಿಲ್ಲ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸಿನದು ನಾಲ್ಕಾಗಿತ್ತು.

"ಎಲ್ಲಾ ಕಡೆನೂ ತಲೆ ತುಂಬೇ ಅಳೀತಾರಾ ಅಕ್ಕಾ?" ಅಂತ ಮೆಲ್ಲಗೆ ಕೇಳಿದೆ.

"ಕೆಲವು ಮನೇಲಿ ಹಿಂಗೆ, ಕೆಲವು ಮನೇಲಿ ಹಂಗಲ್ಲ. ಕೇಳೂಕೆ ಹೋದ್ರೆ ಮಶೀನ್ ತರ್ತಾರೆ ತಂಗಿ."

ಊರಿನ ಎರಡು ಮನೆಗೆ ಆಗಲೇ ಸುಲಿಯುವ ಮಶೀನು ಬಂದಿತ್ತು. ಹೆಂಗಸರ ಮೌನ ಒಪ್ಪಿಗೆಯಲ್ಲ, ಹೆದರಿಕೆ.

ಆ ರಾತ್ರಿ ಒಬ್ಬೊಬ್ಬರ ರಾಶಿಯನ್ನೂ ಎರಡೆರಡು ಸಲ ಅಳೆದೆ. ತಲೆ ತುಂಬಿ ಅಳೆದಾಗ ಒಟ್ಟು 40 ಡಬ್ಬ. ಕೋಲಿನಲ್ಲಿ ಎಳೆದು ಸಮ ಮಾಡಿ ಅಳೆದಾಗ 46. ಪುಸ್ತಕ ಅಪ್ಪನ ಮುಂದಿಟ್ಟೆ.

"ನನ್ನಪ್ಪನ ಕಾಲದಿಂದ ಹೀಗೇ. ಕೊಳೆರೋಗ ಬಂದು ಅರ್ಧ ಅಡಿಕೆ ಉದುರಿದ ವರ್ಷ ನಮಗೆ ಯಾರು ತಲೆ ತುಂಬಿ ಕೊಡ್ತಾರೆ?" ಅಂದ.

ಅಪ್ಪನ ನಷ್ಟ ಸುಳ್ಳಲ್ಲ. ಮಳೆಗಾಲದಲ್ಲಿ ಅವನು ನಿದ್ದೆಗೆಟ್ಟು ತೋಟ ಸುತ್ತುವುದನ್ನು ನೋಡಿಯೇ ಬೆಳೆದವಳು ನಾನು. ಆದರೆ ಶಿರಸಿಯಲ್ಲಿ ಅಡಿಕೆ ಮಾರುವಾಗ ತೂಕದಲ್ಲಿ ಒಂದು ಕಿಲೋ ಕಮ್ಮಿ ಬಂದರೆ ನಾವು ಬಿಡುತ್ತೇವಾ? ನಮಗೆ ತಕ್ಕಡಿ, ಅವರಿಗೆ ಡಬ್ಬ. ಇದು ಸರಿಯಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಹೀಗೆ ಮಾಡಿದಷ್ಟಕ್ಕೆ ಕೂಲಿ ಕೊಡುವ ಕೆಲಸವನ್ನೂ ಹೊರಗಿಟ್ಟಿರಲಿಲ್ಲ. ನಮ್ಮ ಅಂಗಳದಲ್ಲಿ ಮಾತ್ರ ಅದರ ಮಾತು ಒಂದು ಸಲವೂ ಬಂದಿರಲಿಲ್ಲ.

ಅಪ್ಪ ತುಂಬಾ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ 46ಕ್ಕೇ ದುಡ್ಡು ಎಣಿಸಿದ. ಈಗ ನಮ್ಮಲ್ಲಿ ಕೋಲು ಎಳೆದೇ ಅಳೆಯುತ್ತಾರೆ.

ಒಂದು ರಾತ್ರಿಗೆ 6 ಡಬ್ಬ. ವರ್ಷಕ್ಕೆ ಏನಿಲ್ಲವೆಂದರೂ 30 ರಾತ್ರಿ ಸುಲಿತ. ಹಿಂದಿನ ವರ್ಷಗಳದ್ದನ್ನು ಹೇಗೆ ಕೊಡುವುದು ಅಂತ ಅಪ್ಪನನ್ನು ಕೇಳಿದ್ದೇನೆ. ಅವನಿನ್ನೂ ಏನೂ ಹೇಳಿಲ್ಲ.