ಹದ ಹಾರುವ ಮುಂಚೆ

16 ಜೂನ್ 2022, ಗುರುವಾರ
ಕುಷ್ಟಗಿ

ಬೆಳಿಗ್ಗೆ ನಾಲ್ಕೂವರೆಗೆ ತಮ್ಮ ಬಾಗಿಲು ಬಡಿದ. ನಾನು ಆಗಲೇ ಎದ್ದು ಎಸರಿಗೆ ಇಟ್ಟಿದ್ದೆ. "ಅಕ್ಕಾ, ಬಂಕಿಗೆ ಟ್ಯಾಂಕರ್ ಬರತೈತಂತ. ಖಾಲಿ ಕ್ಯಾನ್ ಎರಡು ಕೊಡು, ಪಾಳಿ ಹಚ್ಚತೀನಿ" ಎಂದ. ಚಹಾ ಕುಡಿದು ಹೋಗೋ ಅಂದರೂ ಕೇಳಲಿಲ್ಲ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅದೇ ಖಾಲಿ ಕ್ಯಾನು ಹಿಡಿದು ವಾಪಸ್ ಬಂದ.

ಟ್ಯಾಂಕರ್ ಬಂದಿರಲಿಲ್ಲ. 'ನೋ ಸ್ಟಾಕ್' ಬೋರ್ಡು ಮೂರನೇ ದಿನವೂ ಹಾಗೇ ಇದೆಯಂತೆ. ಬಂಕಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದಾರೆ. ಹಗ್ಗದ ಈಚೆ ಪಾಳಿಯಲ್ಲಿ ಮನುಷ್ಯರಿಗಿಂತ ಕ್ಯಾನುಗಳೇ ಜಾಸ್ತಿ. ಯಾರದು ಯಾವುದು ಅಂತ ಗೊತ್ತಾಗಲಿ ಅಂತ ಒಬ್ಬರು ಹಿಡಿಕೆಗೆ ಕೆಂಪು ದಾರ ಕಟ್ಟಿದ್ದರಂತೆ. ಇನ್ನೊಬ್ಬರು ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದ ಬಣ್ಣದಲ್ಲೇ ಹೆಸರು ಬರೆದಿದ್ದರಂತೆ. ಕಾರ ಹುಣ್ಣಿಮೆ ಆಗಿ ಇನ್ನೂ ಎರಡು ದಿನ ಆಗಿದೆ, ಅಷ್ಟೇ.

ಈ ಹೊತ್ತಿಗೆ ಡೀಸೆಲ್ ಇಲ್ಲದಿರುವುದು ಎಂಥ ಸಂಕಟ ಅಂತ ಊರಲ್ಲಿ ಇರುವವರಿಗೇ ಗೊತ್ತು. ಭಾನುವಾರ ರಾತ್ರಿ ಮಿರಗದ (ಮೃಗಶಿರಾ) ಮಳೆ ಚೆನ್ನಾಗಿ ಬಿತ್ತು. ಹಬ್ಬ ಮುಗಿಸಿ ಬುಧವಾರದಿಂದ ಹೆಸರು, ಸಜ್ಜೆ ಬಿತ್ತೋಣ ಅಂತ ಎಲ್ಲರೂ ಲೆಕ್ಕ ಹಾಕಿದ್ದರು. ಎರೆ ಹೊಲವಾದರೆ, ಅಂದರೆ ಕಪ್ಪು ಮಣ್ಣಿನದಾದರೆ, ಹಸಿ ಹಿಡಿದಿಟ್ಟುಕೊಳ್ಳುತ್ತದೆ, ನಾಲ್ಕು ದಿನ ತಡವಾದರೂ ನಡೆಯುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದವರಿಗೆ ಆ ಪುರುಸೊತ್ತು ಇಲ್ಲ. ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಮಳೆ ನಿಂತ ಮೂರು ನಾಲ್ಕು ದಿನದೊಳಗೆ ಕಾಳು ಭೂಮಿಗೆ ಬೀಳಬೇಕು. ಇಲ್ಲದಿದ್ದರೆ ಹದ, ಅಂದರೆ ಬಿತ್ತಲು ಬೇಕಾದ ಮಣ್ಣಿನ ಹಸಿ, ಹಾರಿ ಹೋಗುತ್ತದೆ. ಇವತ್ತು ನಾಲ್ಕನೇ ದಿನ.

ಸೋಮವಾರ ನಡೆದದ್ದನ್ನು ಮುಚ್ಚಿಡದೆ ಬರೆಯಬೇಕು. ಮಧ್ಯಾಹ್ನ ಓಣಿಯ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ನಾಳೆಯಿಂದ ಹತ್ತು ದಿನ ಡೀಸೆಲ್ ಬಂದ್ ಅಂತ. ಯಾರು ಬರೆದದ್ದು, ಎಲ್ಲಿಂದ ಬಂದದ್ದು, ಯಾರೂ ಕೇಳಲಿಲ್ಲ. ಒಂದು ತಾಸಿನೊಳಗೆ ಬಂಕಿನ ಮುಂದೆ ಹೆದ್ದಾರಿಯವರೆಗೆ ಸಾಲು. ಟ್ರ್ಯಾಕ್ಟರು, ಬೈಕು, ಟಂಟಂ ಎಂಬ ಮೂರು ಗಾಲಿಯ ಗಾಡಿ, ಕೈಗಾಡಿಯ ಮೇಲೆ ಡ್ರಮ್ಮು. ನಾವೂ ಹೋದೆವು. ತಮ್ಮ ತನ್ನ ಟ್ರ್ಯಾಕ್ಟರಿಗೆ ಅಂತ 35 ಲೀಟರಿನ ನಾಲ್ಕು ಕ್ಯಾನು ತುಂಬಿಸಿದ. ನಾನೇ ದುಡ್ಡು ಕೊಟ್ಟೆ. ರೊಟ್ಟಿ ಮಾರಿ ಕೂಡಿಟ್ಟಿದ್ದ ದುಡ್ಡು ಅದು, ಗ್ಯಾಸಿಗೆ ಅಂತ ತೆಗೆದಿಟ್ಟದ್ದು. ಆವತ್ತು ಭಯ ಒಂದೇ ಇತ್ತು. ನಮ್ಮ ಹಿಂದೆ ಯಾರು ನಿಂತಿದ್ದಾರೆ ಅಂತ ನಾನು ತಿರುಗಿ ಕೂಡ ನೋಡಲಿಲ್ಲ.

ಹಿಂದೆ ನಿಂತವರಲ್ಲಿ ನಮ್ಮ ರೊಟ್ಟಿ ಒಯ್ಯುವ ಟಂಟಂ ಅಣ್ಣನೂ ಇದ್ದ ಅಂತ ಆಮೇಲೆ ಗೊತ್ತಾಯಿತು. ಅವನು ದಿನಾ 200 ರೂಪಾಯಿಯ ಡೀಸೆಲ್ ಹಾಕಿಸುತ್ತಾನೆ. ದಿನಾ ದುಡಿದು, ಅದರಲ್ಲೇ ಮರುದಿನಕ್ಕೆ ಹಾಕಿಸುವುದು. ಒಮ್ಮೆಗೇ ನಾಲ್ಕು ಕ್ಯಾನು ತುಂಬಿಸುವ ದುಡ್ಡು ಅವನ ಹತ್ತಿರ ಯಾವತ್ತೂ ಇರುವುದಿಲ್ಲ. ಅವನ ಪಾಳಿ ಬರುವ ಹೊತ್ತಿಗೆ ಪಂಪು ಬರಿದಾಗಿತ್ತು. ಮಂಗಳವಾರದಿಂದ ಟಂಟಂ ಮನೆ ಮುಂದೆ ನಿಂತಿದೆ, ಮೂರು ದಿನದ ದುಡಿಮೆ ಹೋಯಿತು. ನಿನ್ನೆ ನಾನು ರೊಟ್ಟಿ ಬುಟ್ಟಿ ಬಸ್ಸಿನಲ್ಲಿ ಒಯ್ದೆ. ಕಿಟಕಿಯಿಂದ ಅವನ ಹೆಂಡತಿ ಕಂಡಳು. ನನಗೆ ಮುಖ ಎತ್ತಿ ನೋಡಲು ಆಗಲಿಲ್ಲ.

ಕೊರತೆ ಎಲ್ಲವೂ ನಮ್ಮಿಂದಲೇ ಆದದ್ದಲ್ಲ, ಅದೂ ಸರಿ. ಬಂಕಿನ ಮ್ಯಾನೇಜರ್ ತಮ್ಮನಿಗೆ ಪರಿಚಯ. ಮೊದಲು ಉದ್ದರಿ ಮೇಲೆ ಲೋಡು ಬರುತ್ತಿತ್ತು, ಈಗ ಮುಂಗಡ ದುಡ್ಡು ಕಟ್ಟಿದರೆ ಮಾತ್ರ ಟ್ಯಾಂಕರ್ ಹೊರಡುತ್ತದೆ ಅಂತ ಅವರು ಹೇಳಿದರು. ಉಕ್ರೇನಿನ ಯುದ್ಧ ಫೆಬ್ರವರಿ 24ಕ್ಕೆ ಶುರುವಾದದ್ದು, ಇನ್ನೂ ನಿಂತಿಲ್ಲ. ಕಚ್ಚಾ ತೈಲ ಬ್ಯಾರೆಲ್‌ಗೆ 120 ಡಾಲರ್ ಆಸುಪಾಸಿನಲ್ಲಿದೆ. ಇಲ್ಲಿ ಪಂಪಿನ ರೇಟು ಮಾತ್ರ ಮೇ 22ರಿಂದ ಅಲುಗಾಡಿಲ್ಲ. ಆವತ್ತು ಕೇಂದ್ರ ಸರ್ಕಾರ ಪೆಟ್ರೋಲಿಗೆ 8, ಡೀಸೆಲಿಗೆ 6 ರೂಪಾಯಿ ಅಬಕಾರಿ ಸುಂಕ ಇಳಿಸಿತ್ತು. ನಮಗೆಲ್ಲ ಖುಷಿಯೇ ಆಗಿತ್ತು. ಆದರೆ ಈ ರೇಟಿಗೆ ಮಾರಿದಷ್ಟೂ ನಷ್ಟ ಅಂತ ಖಾಸಗಿ ಬಂಕುಗಳು ಎಷ್ಟೋ ಕಡೆ ರೇಟು ಏರಿಸಿದವು, ಇಲ್ಲವೇ ಮಾರುವುದನ್ನೇ ಕಡಿಮೆ ಮಾಡಿದವು. ಅಲ್ಲಿಯ ಗಿರಾಕಿಗಳೆಲ್ಲ ಸರ್ಕಾರಿ ಕಂಪನಿಗಳ ಬಂಕಿಗೆ ಬಂದರು. ಸಗಟಾಗಿ ತರಿಸುತ್ತಿದ್ದ ದೊಡ್ಡ ಗಿರಾಕಿಗಳಿಗೆ ಮಾರ್ಚಿನಲ್ಲಿ ಲೀಟರಿಗೆ 25 ರೂಪಾಯಿ ಏರಿಸಿದ್ದರು, ಹಾಗಾಗಿ ಅವರೂ ಬಂಕಿಗೇ ಬಂದರು. ಅದರ ಮೇಲೆ ಬಿತ್ತನೆಯ ಸಮಯ ಬೇರೆ.

ನಿನ್ನೆ ಪೆಟ್ರೋಲಿಯಂ ಸಚಿವಾಲಯ ಹೇಳಿಕೆ ಕೊಟ್ಟಿದೆ. ದೇಶದಲ್ಲಿ ಸಾಕಷ್ಟು ಡೀಸೆಲ್ ಇದೆ, ರಾಜಸ್ಥಾನ, ಮಧ್ಯಪ್ರದೇಶ, ಕರ್ನಾಟಕದಂಥ ಕಡೆ ಬೇಡಿಕೆ ಹೋದ ವರ್ಷಕ್ಕಿಂತ ಶೇ 50ರವರೆಗೆ ಏರಿದೆ ಅಂತ. ದೇಶದಲ್ಲಿ ಇರಬಹುದು. ಕುಷ್ಟಗಿಯ ಪಂಪಿನಲ್ಲಿ ಇಲ್ಲ. ದೂರದ ಊರುಗಳಿಗೆ ಟ್ಯಾಂಕರ್ ಬರುವುದೇ ತಡ, ಅಂಥದ್ದರಲ್ಲಿ ಬಂದದ್ದನ್ನು ಮುಂದೆ ನಿಂತ ನಲವತ್ತು ಮಂದಿ ಡ್ರಮ್ಮಿನಲ್ಲಿ ಒಯ್ದರೆ ಹಿಂದಿನವರಿಗೆ ಎಲ್ಲಿಂದ ಬರಬೇಕು?

ಗ್ಯಾಸಿನ ಕಷ್ಟ ಬೇರೆ ಥರ. ಅದು ಸಿಗುತ್ತದೆ, ಆದರೆ ಕೈಗೆ ಎಟಕುತ್ತಿಲ್ಲ. ಮನೆ ಸಿಲಿಂಡರಿಗೆ ಮೇ 7ಕ್ಕೆ 50 ರೂಪಾಯಿ, ಮೇ 19ಕ್ಕೆ ಮತ್ತೆ ಮೂರೂವರೆ ರೂಪಾಯಿ ಏರಿ ಸಾವಿರ ದಾಟಿತು. ನನ್ನ ರೊಟ್ಟಿ ಕೆಲಸಕ್ಕೆ 19 ಕೆಜಿಯ ನೀಲಿ ಸಿಲಿಂಡರ್ ಬೇಕು. ಅದಕ್ಕೆ ಮೇ ತಿಂಗಳಲ್ಲಿ ನೂರರ ಮೇಲೆ ಏರಿಸಿ, ಈ ತಿಂಗಳ ಒಂದಕ್ಕೆ 135 ಇಳಿಸಿದರು. ಇಳಿದರೂ ಎರಡು ಸಾವಿರದ ಮೇಲೇ ಇದೆ. ನಮ್ಮಲ್ಲಿ ಒಂದು ಸಿಲಿಂಡರ್ ಆರು ದಿನ ಬರುತ್ತದೆ. ರೊಟ್ಟಿಗೆ ಏಳು ರೂಪಾಯಿ ಇದ್ದದ್ದನ್ನು ಎಂಟು ಮಾಡೋಣ ಅಂದರೆ ಖಾನಾವಳಿಯವರು ಒಪ್ಪುವುದಿಲ್ಲ. ಅವರ ಕಷ್ಟವೂ ಸುಳ್ಳಲ್ಲ, ಎಣ್ಣೆ ರೇಟು ನೋಡಿದರೆ ಗೊತ್ತಾಗುತ್ತದೆ.

ಹಾಗಾಗಿ ಹಿತ್ತಲಿನ ಕಟ್ಟಿಗೆ ಒಲೆಯನ್ನು ಮತ್ತೆ ಸಾರಿಸಿದ್ದೇನೆ. ಎಸರು ಅಲ್ಲೇ ಕುದಿಯುತ್ತದೆ. ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕುವುದು ಮಾತ್ರ ಗ್ಯಾಸಿನ ಮೇಲೆ. ಎರಡೂ ಮಗ್ಗಲು ಬೆಂದ ಮೇಲೆ ರೊಟ್ಟಿಯನ್ನು ಕಟ್ಟಿಗೆ ಒಲೆಯ ಬಾಯಿಗೆ ಒಯ್ದು, ಹೊರಗೆ ಎಳೆದ ಕೆಂಡದ ಎದುರು ಒರಗಿಸಿ ನಿಲ್ಲಿಸುತ್ತೇನೆ. ಮೆಲ್ಲಗೆ ಆರಿ ಖಡಕ್ ಆಗುತ್ತದೆ. ಮೊದಲು ಈ ಆರಿಸುವ ಕೆಲಸವೂ ಸಣ್ಣ ಉರಿಯ ಗ್ಯಾಸಿನ ಮೇಲೆ ಆಗುತ್ತಿತ್ತು. ಜಾಸ್ತಿ ಗ್ಯಾಸ್ ಹೋಗುತ್ತಿದ್ದದ್ದು ಅಲ್ಲೇ ಅಂತ ಈಗ ಗೊತ್ತಾಯಿತು. ಆರು ದಿನದ ಸಿಲಿಂಡರ್ ಒಂಬತ್ತಕ್ಕೆ ಮುಟ್ಟಬಹುದು ಅನಿಸುತ್ತದೆ.

ಆದರೆ ಹೊಗೆ ಇದೆಯಲ್ಲ, ಅದನ್ನು ಯಾರೂ ಹೊಗಳಬಾರದು. ಬಳ್ಳಾರಿ ಜಾಲಿ ಕಟ್ಟಿಗೆ ಒಣಗಿದ್ದರೆ ಚೆನ್ನಾಗಿ ಉರಿಯುತ್ತದೆ, ಮಳೆಗೆ ನೆನೆದಿದ್ದರೆ ಕಣ್ಣು ಬಿಡಲಾಗುವುದಿಲ್ಲ. ಹತ್ತಿ ಕಟ್ಟಿಗೆ ಭರ್ ಅಂತ ಉರಿದು ಆರಿಹೋಗುತ್ತದೆ. ಅವ್ವ ನಾಲ್ಕು ದಿನದಿಂದ ಕೆಮ್ಮುತ್ತಿದ್ದಾಳೆ. ಮೂವತ್ತು ವರ್ಷ ಅವಳು ಆ ಒಲೆಯ ಮುಂದೆಯೇ ಕೂತವಳು. ಗ್ಯಾಸ್ ಬಂದಾಗ ಎಷ್ಟು ಹಿಗ್ಗಿದ್ದಳು ಅಂತ ನನಗೆ ನೆನಪಿದೆ.

ಪಕ್ಕದ ಮನೆಯ ಅತ್ತಿಗೆಯ ಹತ್ತಿರ ಉಜ್ವಲಾ ಸಿಲಿಂಡರ್ ಇದೆ, ಬಡ ಮನೆಯವರಿಗೆ ಅಂತ ಸರ್ಕಾರ ಕೊಟ್ಟ ಗ್ಯಾಸ್ ಅದು. ಮಂಚದ ಕೆಳಗೆ ಖಾಲಿ ಬಿದ್ದಿದೆ. 200 ರೂಪಾಯಿ ಸಬ್ಸಿಡಿ ಕೊಡುತ್ತೇವೆ ಅಂತ ಹೋದ ತಿಂಗಳು ಹೇಳಿದ್ದಾರೆ, ವರ್ಷಕ್ಕೆ 12 ಸಿಲಿಂಡರಿಗೆ. ಒಳ್ಳೆಯದೇ. ಆದರೆ ಅದು ಆಮೇಲೆ ಬ್ಯಾಂಕ್ ಖಾತೆಗೆ ಬರುವ ದುಡ್ಡು. ಮೊದಲು ಸಾವಿರ ರೂಪಾಯಿ ಕೈಯಲ್ಲಿ ಹಿಡಿದು ನಿಲ್ಲಬೇಕು. ಕೂಲಿಗೆ ಹೋಗುವ ಮನೆಯಲ್ಲಿ ಒಂದೇ ದಿನಕ್ಕೆ ಸಾವಿರ ಎಲ್ಲಿ ಕೂಡುತ್ತದೆ?

ಇನ್ನೊಂದು ಮಾತು, ಓಣಿಯವರು ಓದಲಿ ಅಂತಲೇ ಬರೆಯುತ್ತಿದ್ದೇನೆ. ಡೀಸೆಲ್ ಮುಗಿದಂತೆ ಪೆಟ್ರೋಲೂ ಮುಗಿಯುತ್ತದೆ ಅಂತ ಹಿಂದಿನ ಮನೆಯ ಹುಡುಗ ಕುಡಿಯುವ ನೀರಿನ ಕ್ಯಾನಿನಲ್ಲಿ ಪೆಟ್ರೋಲ್ ತಂದು ಅಡುಗೆ ಮನೆಯ ಮೂಲೆಯಲ್ಲಿ ಇಟ್ಟಿದ್ದ. ಒಲೆಯಿಂದ ನಾಲ್ಕು ಮಾರು ಕೂಡ ದೂರ ಇಲ್ಲ. ನಾನು ಅವರ ಮನೆಗೆ ಹಿಟ್ಟು ಬೀಸಿಸಿದ ದುಡ್ಡು ಕೊಡಲು ಹೋದಾಗ ವಾಸನೆ ಬಂತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕಣ್ಣಿಗೆ ಕಾಣದೆ ನೆಲ ಹಿಡಿದು ಹರಿಯುತ್ತದೆ, ಒಲೆಯ ಕಿಡಿ ತಾಗಿದರೆ ಸಾಕು. ಗ್ಯಾಸೂ ಹಾಗೇ. ಜಗಳ ಆದರೂ ಆಗಲಿ ಅಂತ ಅಲ್ಲೇ ನಿಂತು, ಅದನ್ನು ಹೊರಗೆ ತೆಗೆಸಿ ಬೈಕಿನ ಟ್ಯಾಂಕಿಗೆ ಹಾಕಿಸಿಯೇ ಬಂದೆ. ಅವನ ತಾಯಿ ಸಿಟ್ಟಾಗಿದ್ದಾಳೆ. ಇರಲಿ. ಸಿಲಿಂಡರನ್ನೂ ಅವಸರದಲ್ಲಿ ಹಾಗೇ ಇಳಿಸಿಕೊಳ್ಳಬೇಡಿ. ಹಿಡಿಕೆಯ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ, ಮನೆ ಸಿಲಿಂಡರಾದರೆ ಅದಕ್ಕೆ 14.2 ಕೆಜಿ ಕೂಡಿಸಿ ತೂಗಿಸಿಕೊಳ್ಳಿ. ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರ ಮತ್ತು ವರ್ಷ ಇರುತ್ತದೆ, ಮರುಪರೀಕ್ಷೆಯ ಗಡುವು ಅದು. ಬಿ ಅಂದರೆ ಆ ವರ್ಷದ ಜೂನ್ ಕೊನೆ.

ಮಧ್ಯಾಹ್ನದ ಮಾತಿಗೆ ಬರುತ್ತೇನೆ. ತಮ್ಮ ಖಾಲಿ ಕ್ಯಾನು ಇಟ್ಟು ಊಟಕ್ಕೆ ಕೂತ. ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕ್ಯಾನು ತುಂಬಿದ್ದವು ಇದ್ದವು, ಎಪ್ಪತ್ತು ಲೀಟರ್. ನಮ್ಮ ಎರೆ ಹೊಲಕ್ಕೆ, ಮತ್ತೆ ಮುಂಗಡ ಕೊಟ್ಟ ಇಬ್ಬರು ದೊಡ್ಡ ಹೊಲದವರಿಗೆ ಅಂತ ಅವನು ಇಟ್ಟುಕೊಂಡಿದ್ದ. ಅಷ್ಟರಲ್ಲಿ ಓಣಿಯ ಐದಾರು ಮಂದಿ ಬಂದು ಕಟ್ಟೆಯ ಮೇಲೆ ಕೂತರು. ಎಲ್ಲರೂ ಎರಡು ಮೂರು ಎಕರೆ ಮಸಾರಿಯವರು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಒಬ್ಬರು ಮಾತ್ರ ಒಂದು ಹಿಡಿ ಮಣ್ಣು ತಂದಿದ್ದರು. ಅಂಗೈಯಲ್ಲಿ ಅದುಮಿ ತಮ್ಮನಿಗೆ ತೋರಿಸಿದರು. ಉಂಡೆ ಕಟ್ಟಿತು, ಆದರೆ ಬೆರಳು ತಾಗಿಸಿದೊಡನೆ ಉದುರಿತು.

ಅವ್ವ ಒಳಗಿಂದಲೇ ಹೇಳಿದಳು, "ಬೀಜ ಗೊಬ್ಬರ ತಂದು ಮನಿಯಾಗ ಇಟ್ಕೊಂಡು ಕುಂತಾರ. ಅವರ ಹೊಲ ಒಣಗಿದ ಮ್ಯಾಲೆ ನಿನ್ನ ಡೀಸೆಲ್ ತಗೊಂಡು ಏನ್ ಮಾಡತಿ, ಯಪ್ಪಾ?"

ತಮ್ಮ ತಾಟಿನಲ್ಲೇ ಕೈ ತೊಳೆದ. ನಾನು ನೋಟ್‌ಬುಕ್ ತೆಗೆದೆ. ಎಕರೆಗೆ ಐದು ಲೀಟರ್ ಹತ್ತಿರ ಬೇಕು, ಎಪ್ಪತ್ತಕ್ಕೆ ಹದಿನಾಲ್ಕು ಎಕರೆ. ದುಡ್ಡು ಯಾರು ಮೊದಲು ಕೊಟ್ಟರು ಅಂತ ನೋಡಲಿಲ್ಲ, ಯಾರ ಹೊಲ ಮೊದಲು ಆರುತ್ತದೆ ಅಂತ ನೋಡಿ ಹೆಸರು ಬರೆದೆವು. ದಿಬ್ಬದ ಮೇಲಿನವರದು ಮೊದಲು, ಹಳ್ಳದ ಕಡೆಯವರದು ಆಮೇಲೆ. ಒಬ್ಬರಿಗೆ ಎರಡು ಎಕರೆಗಿಂತ ಜಾಸ್ತಿ ಇಲ್ಲ. ಡೀಸೆಲಿಗೆ ಸೋಮವಾರದ ಬಂಕಿನ ಚೀಟಿಯಲ್ಲಿದ್ದ ರೇಟು, ಅದರ ಮೇಲೆ ಒಂದು ಪೈಸೆ ಇಲ್ಲ. ಲೀಟರಿಗೆ 120 ಕೊಡುತ್ತೇನೆ ಅಂತ ನಿನ್ನೆ ಒಬ್ಬರು ಫೋನ್ ಮಾಡಿದ್ದರು. ಅವರಿಗೆ ತಮ್ಮನೇ ಫೋನ್ ಮಾಡಿ ಇಲ್ಲ ಅಂತ ಹೇಳಿದ. ಮುಂಗಡ ಕೊಟ್ಟವರಲ್ಲಿ ಒಬ್ಬರು ಎರಡು ದಿನ ಕಾಯಲು ಒಪ್ಪಿದರು, ಒಬ್ಬರು ದುಡ್ಡು ವಾಪಸ್ ಕೇಳಿದರು. ಕೊಟ್ಟೆವು.

ಟಂಟಂ ಅಣ್ಣನಿಗೆ ಟ್ರ್ಯಾಕ್ಟರ್ ಟ್ಯಾಂಕಿನಿಂದ ಮೂರು ಲೀಟರ್ ತೆಗೆದು ಕೊಟ್ಟೆವು. ಬೇಡ ಅಂದ. ಅವ್ವ ಗದರಿದ ಮೇಲೆ ತಗೊಂಡ.

ಓಣಿಯಲ್ಲಿ ಈಗ ಎತ್ತು ಉಳಿದಿರುವುದು ಎರಡೇ ಜೋಡಿ. ಕಾಕಾನ ಜೋಡಿ ಒಂದು. ಮೊನ್ನೆ ಮೈಗೆ ಬಳಿದ ಹುರಮಂಜು ಎಂಬ ಕೆಂಪು ಬಣ್ಣ ಇನ್ನೂ ಹೋಗಿಲ್ಲ, ಕೋಡಿನ ಬಣ್ಣವೂ ಹಾಗೇ ಇದೆ. ಕಾಕಾ ಕೂರಿಗೆ, ಅಂದರೆ ಎತ್ತು ಎಳೆಯುವ ಬಿತ್ತುವ ಸಾಧನ, ಹೂಡಿದ. ಅದರ ಬಟ್ಟಲಿಗೆ ಕಾಳು ಬಿಡಲು ಕೈ ಬೇಕಿತ್ತು, ನಾನು ಹೋದೆ. ಎಷ್ಟೋ ವರ್ಷ ಆಗಿತ್ತು. ಉಡಿಯಲ್ಲಿ ಹೆಸರುಕಾಳು ಕಟ್ಟಿಕೊಂಡು, ಮುಷ್ಟಿಯಿಂದ ಒಂದೇ ಸಮ ಬಿಡುತ್ತ ಕೂರಿಗೆಯ ಹಿಂದೆ ನಡೆಯಬೇಕು. ಎತ್ತಿನ ಹೆಜ್ಜೆಗೂ ಬೆರಳಿಗೂ ತಾಳ ಕೂಡಬೇಕು. ಜಾಸ್ತಿ ಬಿಟ್ಟರೆ ಬಿದಿರಿನ ಕೊಳವೆ ಕಟ್ಟುತ್ತದೆ, ಕಡಿಮೆ ಆದರೆ ಸಾಲು ಬರಿದಾಗುತ್ತದೆ. ಮೊದಲ ಎರಡು ಸಾಲು ತಪ್ಪಿತು, ಕಾಕಾ ಏನೂ ಅನ್ನಲಿಲ್ಲ. ಮೂರನೆಯದರಿಂದ ಕೈಗೆ ನೆನಪು ಬಂತು. ಹೊತ್ತು ಮುಳುಗುವುದರೊಳಗೆ ಒಂದೂವರೆ ಎಕರೆ ಮುಗಿಯಿತು. ದೂರದ ದಿಬ್ಬದ ಮೇಲೆ ತಮ್ಮನ ಟ್ರ್ಯಾಕ್ಟರ್ ಲೈಟು ಹಾಕಿಕೊಂಡು ತಿರುಗುವುದು ಕಾಣುತ್ತಿತ್ತು.

ಈಗ ಹತ್ತೂವರೆ. ತಮ್ಮ ಈಗಷ್ಟೇ ಬಂದ. ಮೊಣಕಾಲವರೆಗೆ ಕೆಂಪು ಮಣ್ಣು. ಒಂದು ಕ್ಯಾನು ಪೂರ್ತಿ ಮುಗಿದಿದೆ, ಇನ್ನೊಂದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆ. ಹತ್ತು ಎಕರೆ ಆಯಿತು. ಪಟ್ಟಿಯಲ್ಲಿ ಇನ್ನು ಎರಡು ಹೆಸರು ಇವೆ, ಹಳ್ಳದ ಕಡೆಯವರು. ಬೆಳಿಗ್ಗೆ ಐದಕ್ಕೆ ಅಲ್ಲಿಗೆ ಹೋಗುತ್ತಾನೆ. ನಮ್ಮ ಎರೆ ಹೊಲ ಭಾನುವಾರದವರೆಗೆ ತಾಳುತ್ತದೆ. ಅಷ್ಟರಲ್ಲಿ ಟ್ಯಾಂಕರ್ ಬಂದರೆ ಸರಿ, ಬರದಿದ್ದರೆ ಕಾಕಾನ ಎತ್ತು ಕೇಳಬೇಕು.

ಟಂಟಂ ಅಣ್ಣ ಫೋನ್ ಮಾಡಿದ್ದ, ಬೆಳಿಗ್ಗೆ ರೊಟ್ಟಿ ಬುಟ್ಟಿಗೆ ಬರುತ್ತಾನಂತೆ. ನಾಳೆಯ ಹಿಟ್ಟು ಜರಡಿ ಹಿಡಿದು ಇಟ್ಟಿದ್ದೇನೆ. ಪಡುವಣ ದಿಕ್ಕಿಗೆ ಮಿಂಚುತ್ತಿದೆ, ಕಟ್ಟಿಗೆ ಒಳಗೆ ತಂದು ಹಾಕಬೇಕು.